ಅಸಹ್ಯ ಕಸುಬಿನಿಂದ ಸಂಸ್ಕರಣಾ ಘಟಕದವರೆಗೆ: ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ಪ್ರದೇಶದಲ್ಲಿ ತ್ಯಾಜ್ಯೋದ್ಯಮ ಪರವಾನಗಿಯ ಚರಿತ್ರೆ

1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಅಸ್ತಿತ್ವಕ್ಕೆ ಬಂದಾಗ ಚನ್ನಗಿರಿ ಮತ್ತು ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗ ಜಿಲ್ಲೆಯಿಂದಲೂ, ಜಗಳೂರು ತಾಲ್ಲೂಕು ಚಿತ್ರದುರ್ಗ ಜಿಲ್ಲೆಯಿಂದಲೂ ಅದಕ್ಕೆ ಸೇರಿದವು. ಹೊನ್ನಾಳಿ ತಾಲ್ಲೂಕಿನ ಭಾಗವಾಗಿದ್ದ ನ್ಯಾಮತಿ ಎರಡು ದಶಕಗಳ ತರುವಾಯ ಪ್ರತ್ಯೇಕ ತಾಲ್ಲೂಕಾಯಿತು. ಬಳ್ಳಾರಿಯಿಂದ ಬಂದಿದ್ದ ಹರಪನಹಳ್ಳಿ 2018ರಲ್ಲಿ ಮತ್ತೆ ಬಳ್ಳಾರಿಗೆ ಮರಳಿ, ಅನಂತರ ವಿಜಯನಗರ ಜಿಲ್ಲೆಯ ಪಾಲಾಯಿತು. ಹರಪನಹಳ್ಳಿಯ ಪೌರಾಡಳಿತ ಬೆಳೆದದ್ದು ಮದ್ರಾಸ್ ಪ್ರಾಂತ್ಯದ ಕಾನೂನುಗಳ ಅಡಿಯಲ್ಲಿ. ಉಳಿದ ನಾಲ್ಕೂ ಊರುಗಳು ಹಿಂದಿನ ಮೈಸೂರು ಸಂಸ್ಥಾನದೊಳಗೆ ಇದ್ದವು. ಜಿಲ್ಲೆಯ ಗಡಿ ಬದಲಾದರೂ ಅವುಗಳ ಪೌರಾಡಳಿತದ ಕಾನೂನು ಪರಂಪರೆ ಒಂದೇ ಆಗಿ ಉಳಿದುದರಿಂದ, ಈ ನಾಲ್ಕನ್ನು ಒಟ್ಟಿಗೆ ಇಟ್ಟು ನೋಡುವುದಕ್ಕೆ ಚಾರಿತ್ರಿಕ ಆಧಾರವಿದೆ.

ಪ್ಲಾಸ್ಟಿಕ್ಕನ್ನು ಒತ್ತಿ ಹೊರೆ ಕಟ್ಟುವ ಒಂದು ಶೆಡ್ಡನ್ನೋ, ಹಸಿಕಸದಿಂದ ಗೊಬ್ಬರ ಮಾಡುವ ಒಂದು ಘಟಕವನ್ನೋ ಖಾಸಗಿ ವ್ಯಕ್ತಿಯೊಬ್ಬನು ಈ ಊರುಗಳಲ್ಲಿ ತೆರೆಯಬಯಸಿದರೆ ಅವನ ಅರ್ಜಿ ಮೊದಲು ಸೇರುವುದು ಸ್ಥಳೀಯ ಸಂಸ್ಥೆಯ ಆರೋಗ್ಯ ಶಾಖೆಯನ್ನು. ಅಲ್ಲಿ ಅದನ್ನು ಪರಿಶೀಲಿಸುವ ನೌಕರನ ಮುಂದಿರುವುದು ಉದ್ದಿಮೆ ಪರವಾನಗಿಯ ಪಟ್ಟಿ. ಈ ಪಟ್ಟಿಯ ಬೇರುಗಳನ್ನು ಹುಡುಕಿದರೆ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡನ್ನು ತಲುಪಬೇಕಾಗುತ್ತದೆ. ಊರಿನಿಂದ ದೂರವಿಡಬೇಕಾದ ದುರ್ವಾಸನೆಯ ಕಸುಬುಗಳಿಗಾಗಿ ಹುಟ್ಟಿದ ಕಾನೂನೊಂದು, ಊರಿಗೆ ಅಗತ್ಯವಾದ ಸೇವೆಯೊಂದನ್ನು ಅಳೆಯುವ ಅಳತೆಗೋಲಾಗಿ ಉಳಿದುಕೊಂಡಿರುವುದೇ ಇಲ್ಲಿನ ಮುಖ್ಯ ಸಮಸ್ಯೆ. ಇದನ್ನು ಕೇವಲ ಆಡಳಿತದ ಆಲಸ್ಯವೆಂದು ತಳ್ಳಿಹಾಕುವುದು ಸರಿಯಾಗದು. ಅದಕ್ಕೆ ಒಂದು ಚರಿತ್ರೆಯಿದೆ.

ಕಾನೂನಿನ ದೃಷ್ಟಿಯಲ್ಲಿ ಕಸವು ಯಾವಾಗಲೂ ಉಪದ್ರವವಾಗಿಯೇ ಇತ್ತೆಂದು ಭಾವಿಸಬೇಕಾಗಿಲ್ಲ. ಕನ್ನಡ ಶಾಸನಗಳ ತೆರಿಗೆಗಳ ಪಟ್ಟಿಯಲ್ಲಿ 'ತಿಪ್ಪೆಸುಂಕ' ಎಂಬ ಹೆಸರು ಬರುತ್ತದೆ. ಅದನ್ನು ತಿಪ್ಪೆಯ ಗೊಬ್ಬರದ ಮೇಲಣ ಸುಂಕವೆಂದು ಅರ್ಥೈಸುವುದುಂಟು. ಈ ಅರ್ಥವನ್ನು ಒಪ್ಪಿದರೆ, ಆ ಕಾಲದ ಆಡಳಿತ ತಿಪ್ಪೆಯನ್ನು ತೆರಿಗೆ ತರುವ ಸ್ವತ್ತೆಂದು ಕಂಡಿತ್ತು ಎನ್ನಬೇಕಾಗುತ್ತದೆ. ಕೃಷಿಕ ಸಮಾಜಕ್ಕೆ ಇದು ಸಹಜವೇ. ಬಯಲುಸೀಮೆಯ ಹಳ್ಳಿಗಳಲ್ಲಿ ಮನೆಮನೆಗೂ ತಿಪ್ಪೆಯ ಜಾಗ ನಿಗದಿಯಾಗಿರುತ್ತಿತ್ತು, ಬೇಸಿಗೆಯಲ್ಲಿ ಅದು ಗಾಡಿಯ ಲೆಕ್ಕದಲ್ಲಿ ಹೊಲ ಸೇರುತ್ತಿತ್ತು. ಕಸವನ್ನು ಊರಾಚೆಗೆ ಸಾಗಿಸುವ ಪ್ರತ್ಯೇಕ ಆಡಳಿತ ವ್ಯವಸ್ಥೆಯ ಅಗತ್ಯ ಕಾಣಿಸಿದ್ದು ಪೇಟೆಗಳು ಬೆಳೆದ ಮೇಲೆಯೇ.

ಇಂಗ್ಲೆಂಡಿನಲ್ಲಿ 1848ರ ಸಾರ್ವಜನಿಕ ಆರೋಗ್ಯ ಕಾಯಿದೆಯು ರಕ್ತ ಬೇಯಿಸುವುದು, ಎಲುಬು ಬೇಯಿಸುವುದು, ತೊಗಲಿನ ಕೆಲಸ, ಸಾಬೂನು ಕಾಯಿಸುವುದು, ಕೊಬ್ಬು ಕರಗಿಸುವುದು ಮುಂತಾದವನ್ನು 'ಅಸಹ್ಯ ಕಸುಬು'ಗಳೆಂದು ಹೆಸರಿಸಿ, ಸ್ಥಳೀಯ ಮಂಡಳಿಯ ಒಪ್ಪಿಗೆಯಿಲ್ಲದೆ ಅವನ್ನು ಹೊಸದಾಗಿ ಆರಂಭಿಸಕೂಡದೆಂದು ವಿಧಿಸಿತು. 1875ರ ಕಾಯಿದೆ ಇದನ್ನೇ ಮುಂದುವರಿಸಿತು. ಕೆಟ್ಟ ವಾಸನೆಯಿಂದಲೇ ರೋಗ ಹರಡುತ್ತದೆಂಬ ನಂಬಿಕೆ ಪ್ರಬಲವಾಗಿದ್ದ ಕಾಲವದು. ಆದುದರಿಂದ ಕಾನೂನು ಹಿಡಿದ ಅಳತೆ ಮೂಗಿನದಾಗಿತ್ತು. ಈ ಕಸುಬುಗಳಲ್ಲಿ ಬಹುಪಾಲು, ಬಿಸಾಡಿದ ವಸ್ತುವಿನಿಂದ ಬಳಕೆಯ ವಸ್ತುವನ್ನು ಪಡೆಯುವಂಥವು ಎಂಬುದು ಗಮನಾರ್ಹ. ಎಲುಬು ಗೊಬ್ಬರವಾಗುತ್ತಿತ್ತು, ಕೊಬ್ಬು ಮೇಣದಬತ್ತಿಯಾಗುತ್ತಿತ್ತು. ಇಂದು ಮರುಬಳಕೆ ಎಂದು ಗೌರವದಿಂದ ಕರೆಯುವ ಕೆಲಸವೇ ಅಂದಿನ ಕಾಯಿದೆಯಲ್ಲಿ ಅಸಹ್ಯವೆನಿಸಿಕೊಂಡಿತ್ತು.

ಬ್ರಿಟಿಷ್ ಪ್ರಾಂತ್ಯಗಳ ಮುನಿಸಿಪಲ್ ಕಾಯಿದೆಗಳ ಮೂಲಕ ಈ ಕಲ್ಪನೆ ಭಾರತಕ್ಕೆ ಬಂದಿತು. ಮೈಸೂರಿನಲ್ಲಿ ಬೆಂಗಳೂರಿನ ಪೌರ ಸಮಿತಿಗಳು 1862ರಷ್ಟು ಹಿಂದೆಯೇ ಆರಂಭವಾಗಿದ್ದವು. ಸಂಸ್ಥಾನದ ಪಟ್ಟಣಗಳಿಗೆ ವ್ಯಾಪಕವಾದ ಕಾನೂನಿನ ಚೌಕಟ್ಟು ದೊರೆತದ್ದು 1906ರ ಮೈಸೂರು ಮುನಿಸಿಪಲ್ ರೆಗ್ಯುಲೇಷನ್ನಿನಿಂದ. ಸ್ವಾತಂತ್ರ್ಯಾನಂತರ 1951ರಲ್ಲಿ ಪಟ್ಟಣ ಪುರಸಭೆಗಳ ಕಾಯಿದೆ ಬಂದಿತು. ಏಕೀಕರಣದಿಂದ ಮೈಸೂರು, ಮುಂಬಯಿ, ಹೈದರಾಬಾದ್, ಮದ್ರಾಸ್ ಮತ್ತು ಕೊಡಗಿನ ಬೇರೆಬೇರೆ ಕಾನೂನುಗಳು ಒಂದೇ ರಾಜ್ಯದಲ್ಲಿ ಸೇರಿದಾಗ, ಅವುಗಳ ಜಾಗಕ್ಕೆ 1964ರ ಪುರಸಭೆಗಳ ಕಾಯಿದೆ ಬಂದಿತು. ಗ್ರಾಮಗಳ ಮಟ್ಟದಲ್ಲಿ 1959, 1983 ಮತ್ತು 1993ರ ಕಾಯಿದೆಗಳು ಒಂದರ ಹಿಂದೆ ಒಂದರಂತೆ ಬಂದವು. ಪರವಾನಗಿಯಿಲ್ಲದೆ ಕೆಲವು ಉದ್ದೇಶಗಳಿಗೆ ಸ್ಥಳವನ್ನು ಬಳಸಕೂಡದೆಂಬ ಕಲಮು ಪುರಸಭೆಯ ಕಾನೂನಿನಲ್ಲೂ ಪಂಚಾಯಿತಿಯ ಕಾನೂನಿನಲ್ಲೂ ಉಳಿದುಕೊಂಡಿತು. ಕಾಯಿದೆಯ ಹೆಸರು ಬದಲಾದಂತೆ ಅನುಸೂಚಿಗೆ ಹೊಸ ಕಸುಬುಗಳು ಸೇರುತ್ತ ಹೋದವು. ಕಸುಬನ್ನು ಅಪಾಯವೆಂದು ಕಾಣುವ ಅದರ ಮೂಲ ದೃಷ್ಟಿ ಮಾತ್ರ ಬದಲಾಗಲಿಲ್ಲ.

ಈ ಕಾಲಾವಧಿಯಲ್ಲಿ ಕಸದಿಂದ ಪುನಃ ಗೊಬ್ಬರ ಮಾಡುವ ಪ್ರಯತ್ನ ನಡೆಯಲಿಲ್ಲವೆಂದಲ್ಲ. ಅದಕ್ಕೆ ಕನ್ನಡನಾಡಿನ ಕೊಡುಗೆ ಗಣನೀಯವಾದುದು. ಆಲ್ಬರ್ಟ್ ಹೊವಾರ್ಡ್ ಇಂದೂರಿನಲ್ಲಿ ರೂಪಿಸಿದ ಕಾಂಪೋಸ್ಟ್ ವಿಧಾನದಲ್ಲಿ ರಾಶಿಯನ್ನು ಪದೇಪದೇ ಮಗುಚಬೇಕಾಗಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯ ಅವರು 1939ರಲ್ಲಿ ರೂಪಿಸಿದ ವಿಧಾನದಲ್ಲಿ ಪಟ್ಟಣದ ಕಸ ಮತ್ತು ಮಲವನ್ನು ಗುಂಡಿಯಲ್ಲಿ ಪದರಪದರವಾಗಿ ಹಾಕಿ ಮೇಲೆ ಮುಚ್ಚಿಬಿಟ್ಟರೆ ಸಾಕಾಗಿತ್ತು. 'ಬೆಂಗಳೂರು ವಿಧಾನ'ವೆಂದು ಹೆಸರಾದ ಇದು ಸಣ್ಣ ಪುರಸಭೆಗಳಿಗೆ ಬಹಳ ಅನುಕೂಲವಾಯಿತು. ಯಂತ್ರ ಬೇಡ, ಹೆಚ್ಚು ಕೂಲಿಯೂ ಬೇಡ, ಊರ ಹೊರಗೆ ಒಂದಿಷ್ಟು ಜಾಗವಿದ್ದರೆ ಆಯಿತು. ಆದರೆ ಇಲ್ಲಿ ಉತ್ಪಾದಕನೂ ಮಾರಾಟಗಾರನೂ ಪುರಸಭೆಯೇ ಆದುದರಿಂದ ಪರವಾನಗಿಯ ಪ್ರಶ್ನೆ ಏಳಲಿಲ್ಲ. 1975ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಸ್ಥಾಪನೆಯಾದಾಗಲೂ ಅದು ಸಾರ್ವಜನಿಕ ರಂಗದ ಉದ್ಯಮವೇ ಆಗಿತ್ತು. ಕಸದ ಸಂಸ್ಕರಣೆ ಎಂದರೆ ಸರ್ಕಾರ ಮಾಡುವ ಕೆಲಸ ಎಂಬ ತಿಳಿವಳಿಕೆಯೇ ಕಾನೂನಿನ ಹಿನ್ನೆಲೆಯಲ್ಲಿತ್ತು.

ಗುಂಡಿಗೆ ಸುರಿಯುವ ಕಸ ಮತ್ತು ಮಲವನ್ನು ಯಾರು ಹೊತ್ತು ತರುತ್ತಿದ್ದರು ಎಂಬುದನ್ನು ಕಾಂಪೋಸ್ಟಿನ ಚರಿತ್ರೆ ಬರೆದವರು ಸಾಮಾನ್ಯವಾಗಿ ಹೇಳುವುದಿಲ್ಲ. ಹರಿಹರದಲ್ಲಿ ಜನಿಸಿದ ಬಿ. ಬಸವಲಿಂಗಪ್ಪನವರು ದೇವರಾಜ ಅರಸು ಅವರ ಮಂತ್ರಿಮಂಡಲದಲ್ಲಿ ಪೌರಾಡಳಿತ ಸಚಿವರಾಗಿದ್ದಾಗ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಕೇಂದ್ರದ ಶಾಸನ ಬಂದದ್ದು 1993ರಲ್ಲಿ, ಇನ್ನಷ್ಟು ಬಿಗಿಯಾದುದು 2013ರಲ್ಲಿ. ತ್ಯಾಜ್ಯದ ಕಾನೂನಿನಲ್ಲಿ ದುಡಿಯುವವನ ಘನತೆಯನ್ನು ಪ್ರಶ್ನೆಯಾಗಿ ಎತ್ತಿದ ಮೊದಲ ಆಡಳಿತ ಕ್ರಮಗಳಲ್ಲಿ ಬಸವಲಿಂಗಪ್ಪನವರದು ಒಂದು. ಕಸವನ್ನು ಮುಟ್ಟುವವರ ಜಾತಿಯೂ ಕಸುಬಿಗೆ ಅಂಟಿದ 'ಅಸಹ್ಯ' ಎಂಬ ವಿಶೇಷಣವೂ ಈ ನೆಲದಲ್ಲಿ ಒಂದಕ್ಕೊಂದು ಬಲ ಕೊಟ್ಟವು ಎಂದರೆ ತಪ್ಪಾಗಲಾರದು.

ಪುರಸಭೆಯ ಗುಂಡಿಯಿಂದ ಹೊರಗೆ, ಖಾಸಗಿಯಾಗಿ ಬೆಳೆದದ್ದು ಗುಜರಿ ವ್ಯಾಪಾರ. ಹಳೆ ಕಬ್ಬಿಣ, ಖಾಲಿ ಬಾಟಲಿ, ರದ್ದಿ ಕಾಗದ, ಹರಿದ ಗೋಣಿ ಇವುಗಳನ್ನು ಮನೆಮನೆಯಿಂದ ಕೊಂಡು, ತೂಕ ಮಾಡಿ, ಬಗೆಬಗೆಯಾಗಿ ವಿಂಗಡಿಸಿ ದೊಡ್ಡ ಊರಿಗೆ ಸಾಗಿಸುವ ಅಂಗಡಿ ಯಾವ ತಾಲ್ಲೂಕು ಕೇಂದ್ರದಲ್ಲೂ ಇಲ್ಲದಿಲ್ಲ. ಇಂದು ಒಣಕಸದ ಮರುಬಳಕೆ ಎಂದು ಕರೆಯುವ ಕಾರ್ಯದ ಬಹುಭಾಗವನ್ನು ನಡೆಸಿಕೊಂಡು ಬಂದವರು ಇವರೇ. ಕಾನೂನು ಇವರನ್ನು ಎರಡು ಕಡೆಯಿಂದ ಸಂದೇಹದಿಂದ ನೋಡಿತು. ಬೆಂಕಿಯ ಅಪಾಯ, ಇಲಿ ಸೊಳ್ಳೆಗಳ ಕಾಟ ಎಂಬ ಕಾರಣಕ್ಕೆ ಆರೋಗ್ಯ ಶಾಖೆ ಒಂದು ಕಡೆ, ಕಳವಿನ ಮಾಲು ಕೊಳ್ಳುವವರೆಂಬ ಗುಮಾನಿಯಿಂದ ಪೊಲೀಸ್ ಠಾಣೆ ಇನ್ನೊಂದು ಕಡೆ. ಕಳವಿನ ಸ್ವತ್ತನ್ನು ಪಡೆಯುವುದು 1860ರ ದಂಡಸಂಹಿತೆಯ ಪ್ರಕಾರ ಅಪರಾಧವಾಗಿತ್ತು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಹಾಗೆಯೇ ಇದೆ. ಮಹಾನಗರಗಳ ವಿಷಯದಲ್ಲಿ ಇನ್ನೊಂದು ತೊಡಕಿತ್ತು. 1976ರ ಮಹಾನಗರಪಾಲಿಕೆಗಳ ಕಾಯಿದೆಯು ಸಂಗ್ರಹವಾದ ಕಸವನ್ನು ಪಾಲಿಕೆಯ ಸ್ವತ್ತೆಂದು ಘೋಷಿಸಿದ್ದರಿಂದ, ತೊಟ್ಟಿಯಿಂದ ಬಾಟಲಿ ಆಯ್ದವನ ಕೆಲಸ ಕಾನೂನಿನ ಅಕ್ಷರದ ಪ್ರಕಾರ ಅನುಮಾನಾಸ್ಪದವೇ. ಬೆಂಗಳೂರಿನಲ್ಲಿ 2010ರ ದಶಕದ ಆರಂಭದಲ್ಲಿ ಚಿಂದಿ ಆಯುವವರಿಗೆ ಪಾಲಿಕೆಯ ಗುರುತಿನ ಚೀಟಿ ದೊರೆತುದಕ್ಕೆ ಈ ಹಿನ್ನೆಲೆಯಲ್ಲಿ ಮಹತ್ವವಿದೆ.

1974ರ ಜಲಮಾಲಿನ್ಯ ನಿಯಂತ್ರಣ ಕಾಯಿದೆಯಿಂದ ಪರವಾನಗಿಗೆ ಎರಡನೆಯ ಬಾಗಿಲು ತೆರೆಯಿತು. ಅದೇ ವರ್ಷ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ ರಚನೆಯಾಯಿತು. ಉದ್ದಿಮೆಯ ವಿಸರ್ಜನೆಗೆ ಮಂಡಳಿಯ ಸಮ್ಮತಿ, ಜಾಗಕ್ಕೆ ಸ್ಥಳೀಯ ಸಂಸ್ಥೆಯ ಪರವಾನಗಿ ಎಂಬ ಇಬ್ಬಗೆ ಅಂದಿನಿಂದ ನಡೆದುಬಂದಿದೆ. ಈ ಪ್ರದೇಶದ ಜನ ಮಾಲಿನ್ಯದ ಕಾನೂನನ್ನು ಹತ್ತಿರದಿಂದ ಕಂಡದ್ದು ತುಂಗಭದ್ರೆಯ ದಡದಲ್ಲಿ. ಹೊನ್ನಾಳಿಯಿಂದ ನದಿ ಕೆಳಗೆ ಹರಿದು ಸೇರುವ ಹರಿಹರದ ಎದುರು ದಡದ ಕುಮಾರಪಟ್ಟಣದಲ್ಲಿ 1972ರಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಆರಂಭವಾಯಿತು. 1980ರ ದಶಕದಲ್ಲಿ ನದಿಯ ಮಾಲಿನ್ಯವನ್ನು ಪ್ರಶ್ನಿಸಿ ಸಮಾಜ ಪರಿವರ್ತನ ಸಮುದಾಯವು ನಡೆಸಿದ ಚಳವಳಿ ರಾಜ್ಯದ ಪರಿಸರ ಹೋರಾಟಗಳಲ್ಲಿ ಮುಖ್ಯವಾದುದು. ಅದು ಕಸದ ಘಟಕದ ಪ್ರಕರಣವಲ್ಲ. ಆದರೂ ಇಷ್ಟು ದೊಡ್ಡ ಪ್ರಶ್ನೆಯಲ್ಲಿ ಸ್ಥಳೀಯ ಪಂಚಾಯಿತಿಯ ಪರವಾನಗಿ ಎಂಬ ಕಾಗದ ಎಷ್ಟು ಅಲ್ಪವೆಂಬುದನ್ನು ತೋರಿಸಿಕೊಟ್ಟಿತು. ಮುಂದೆ ಅಪಾಯಕಾರಿ ತ್ಯಾಜ್ಯಕ್ಕೆ 1989ರಲ್ಲಿ, ಜೈವಿಕ ವೈದ್ಯಕೀಯ ತ್ಯಾಜ್ಯಕ್ಕೆ 1998ರಲ್ಲಿ, ಬ್ಯಾಟರಿಗಳಿಗೆ 2001ರಲ್ಲಿ, ಪ್ಲಾಸ್ಟಿಕ್ ಮತ್ತು ವಿದ್ಯುನ್ಮಾನ ತ್ಯಾಜ್ಯಕ್ಕೆ 2011ರಲ್ಲಿ ಹೀಗೆ ಬಗೆಬಗೆಯ ಕೇಂದ್ರ ನಿಯಮಗಳು ಬಂದು ಒಂದೊಂದೂ ತನ್ನದೇ ಆದ ಅನುಮತಿಯನ್ನು ಕೇಳತೊಡಗಿದವು.

ಊರ ಕಸಕ್ಕೆ ರಾಷ್ಟ್ರಮಟ್ಟದ ನಿಯಮ ಬರಲು ಕಾರಣವಾದದ್ದು ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಅವರು 1996ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಹೂಡಿದ ಸಾರ್ವಜನಿಕ ಹಿತಾಸಕ್ತಿ ಮೊಕದ್ದಮೆ. ನ್ಯಾಯಾಲಯವು ಅಸೀಂ ಬರ್ಮನ್ ಅವರ ಅಧ್ಯಕ್ಷತೆಯಲ್ಲಿ ನೇಮಿಸಿದ ಸಮಿತಿ 1999ರಲ್ಲಿ ವರದಿ ಕೊಟ್ಟಿತು. 2000ದ ಸೆಪ್ಟೆಂಬರಿನಲ್ಲಿ ಪೌರ ಘನತ್ಯಾಜ್ಯ ನಿಯಮಗಳು ಪ್ರಕಟವಾದವು. ಭವಿಷ್ಯದ ಭೂಭರ್ತಿ ಜಾಗಗಳನ್ನು 2002ರ ಅಂತ್ಯಕ್ಕೆ ಗುರುತಿಸಬೇಕು, ಸಂಸ್ಕರಣಾ ಘಟಕಗಳು 2003ರ ಅಂತ್ಯಕ್ಕೆ ಸಿದ್ಧವಾಗಬೇಕು ಎಂದು ಅವು ಗಡುವು ವಿಧಿಸಿದವು. ಗಡುವುಗಳು ಕಳೆದುಹೋದುದು ಎಲ್ಲರಿಗೂ ತಿಳಿದ ಸಂಗತಿ. ಪರವಾನಗಿಯ ಚರಿತ್ರೆಗೆ ಹೆಚ್ಚು ಮುಖ್ಯವಾದದ್ದು ಆ ನಿಯಮಗಳು ಬಳಸಿದ ಒಂದು ಪದ: 'ಸೌಲಭ್ಯದ ನಿರ್ವಾಹಕ'. ಸಂಗ್ರಹಣೆಯಿಂದ ವಿಲೇವಾರಿಯವರೆಗಿನ ಸೌಲಭ್ಯವನ್ನು ಹೊಂದಿದ ಅಥವಾ ನಡೆಸುವ ಯಾವುದೇ ವ್ಯಕ್ತಿ, ಪೌರ ಪ್ರಾಧಿಕಾರ ನೇಮಿಸಿದ ಏಜೆನ್ಸಿ ಸೇರಿದಂತೆ, ಈ ವ್ಯಾಖ್ಯೆಯೊಳಗೆ ಬಂದರು. ಕಸದ ಕೆಲಸದಲ್ಲಿ ಖಾಸಗಿಯವನು ಕಾನೂನುಬದ್ಧ ಪಾತ್ರಧಾರಿಯಾಗಿ ಕಾಣಿಸಿಕೊಂಡದ್ದು ಹೀಗೆ. ಆದರೆ ಈ ನಿರ್ವಾಹಕನಿಗೆ ಜಾಗದ ಪರವಾನಗಿ ಕೊಡುವ ಸ್ಥಳೀಯ ಪಟ್ಟಿಯಲ್ಲಿ ಆತನ ಸ್ಥಾನವೇನೆಂಬುದನ್ನು ಯಾರೂ ಹೇಳಲಿಲ್ಲ.

ಹೇಳದೆ ಬಿಟ್ಟುದರ ಪರಿಣಾಮ ಬೆಂಗಳೂರಿನ ಹೊರವಲಯದಲ್ಲಿ ಸ್ಪಷ್ಟವಾಯಿತು. ಯಲಹಂಕದ ಬಳಿಯ ಮಾವಳ್ಳಿಪುರದಲ್ಲಿ ಖಾಸಗಿ ಸಂಸ್ಥೆಯೊಂದು ನಡೆಸುತ್ತಿದ್ದ ಭೂಭರ್ತಿ ತಾಣವು ಗ್ರಾಮಸ್ಥರ ದೀರ್ಘ ವಿರೋಧದ ತರುವಾಯ 2012ರ ಜುಲೈಯಲ್ಲಿ ಮುಚ್ಚಿತು, ನಗರದ ಬೀದಿಗಳಲ್ಲಿ ಕಸ ರಾಶಿಬಿದ್ದಿತು. ಹೊರೆ ಮಂಡೂರಿಗೆ ವರ್ಗವಾಯಿತು. 2014ರ ಕೊನೆಗೆ ಅದೂ ನಿಂತಿತು. ನಗರದ ಪಾಲಿಕೆಗೂ ಖಾಸಗಿ ನಿರ್ವಾಹಕನಿಗೂ ಒಪ್ಪಂದವಿತ್ತು. ಕೊಳಕನ್ನು ಅನುಭವಿಸಬೇಕಾದ ಹಳ್ಳಿಯು ಆ ಒಪ್ಪಂದದಲ್ಲಿ ಪಕ್ಷಕಾರನಾಗಿರಲಿಲ್ಲ. ಪರವಾನಗಿ ಎಂಬುದು ಸ್ಥಳೀಯರ ಮಾತಿಗೆ ಕಾನೂನು ಕೊಟ್ಟ ರೂಪವೆಂದು ಒಪ್ಪುವುದಾದರೆ, ಮಾವಳ್ಳಿಪುರದಲ್ಲಿ ಸೋತದ್ದು ಆ ರೂಪವೇ.

2016ರ ಏಪ್ರಿಲಿನಲ್ಲಿ ಪ್ರಕಟವಾದ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಸ್ಥಳೀಯ ಸಂಸ್ಥೆಗಳು ಒಂದು ವರ್ಷದೊಳಗೆ ಉಪವಿಧಿಗಳನ್ನು ರಚಿಸಬೇಕೆಂದೂ, ಚಿಂದಿ ಆಯುವವರ ಮತ್ತು ತ್ಯಾಜ್ಯ ವ್ಯಾಪಾರಿಗಳ ನೋಂದಣಿಗೆ ರಾಜ್ಯವು ಯೋಜನೆ ರೂಪಿಸಬೇಕೆಂದೂ ವಿಧಿಸಿದವು. ಗುಜರಿಯವನು ಉಪದ್ರವಕಾರಿಯ ಸ್ಥಾನದಿಂದ ಸೇವಾದಾತನ ಸ್ಥಾನಕ್ಕೆ ಏರಿದ್ದು ಮೊದಲ ಬಾರಿಗೆ ಇಲ್ಲಿಯೇ. ಇದೇ ನಿಯಮಗಳಲ್ಲಿ ದೊಡ್ಡ ನಗರಗಳವರ ಗಮನಕ್ಕೆ ಅಷ್ಟಾಗಿ ಬಾರದ ಒಂದು ಅಂಕಿಯಿತ್ತು. ದಿನಕ್ಕೆ 5 ಟನ್ನಿಗಿಂತ ಹೆಚ್ಚು ಕಸವನ್ನು ಸಂಸ್ಕರಿಸುವ ಘಟಕಕ್ಕೆ ಮಾತ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಪತ್ರ ಬೇಕಿತ್ತು. ಘಟಕದ ಸುತ್ತ ಕಟ್ಟಡಗಳಿಗೆ ಅವಕಾಶವಿಲ್ಲದ ರಕ್ಷಣಾ ವಲಯವನ್ನು ಗುರುತಿಸುವ ವಿಧಿಯೂ 5 ಟನ್ನಿಗಿಂತ ಮೇಲ್ಪಟ್ಟವಕ್ಕೇ ಸೀಮಿತವಾಗಿತ್ತು.

ಈ ಅಂಕಿಯನ್ನು ಪ್ರಸ್ತುತ ಪ್ರದೇಶಕ್ಕೆ ಅನ್ವಯಿಸಿದರೆ ಚಿತ್ರ ಬೇರೆಯಾಗುತ್ತದೆ. 1994ರ ತಿದ್ದುಪಡಿಯ ಅನಂತರ ಕರ್ನಾಟಕದಲ್ಲಿ 10,000ದಿಂದ 20,000 ಜನಸಂಖ್ಯೆಯ ಊರಿಗೆ ಪಟ್ಟಣ ಪಂಚಾಯಿತಿ, 20,000ದಿಂದ 50,000ದವರೆಗಿನ ಊರಿಗೆ ಪುರಸಭೆ ಎಂಬ ವಿಂಗಡಣೆ ಬಂದಿತು. 2011ರ ಜನಗಣತಿಯ ಕಾಲಕ್ಕೆ ಚನ್ನಗಿರಿ, ಹೊನ್ನಾಳಿ, ಜಗಳೂರು ಪಟ್ಟಣಗಳು ಈ ಎರಡು ವರ್ಗಗಳ ಗಡಿಯ ಆಚೀಚೆ ಇದ್ದವು. ಸಣ್ಣ ಪಟ್ಟಣದಲ್ಲಿ ತಲಾ ದಿನಕ್ಕೆ 200ರಿಂದ 300 ಗ್ರಾಂ ಕಸವೆಂಬುದು ಎಂಜಿನಿಯರುಗಳ ರೂಢಿಯ ಲೆಕ್ಕ. 20,000 ಜನರ ಊರಿಗೆ ಅದು 4ರಿಂದ 6 ಟನ್ನಾಗುತ್ತದೆ. ಹಸಿ ಒಣ ಎಂದು ಬೇರ್ಪಡಿಸಿದ ಮೇಲೆ ಒಂದೊಂದು ಘಟಕಕ್ಕೆ ಬರುವುದು ಅದರ ಅರ್ಧದಷ್ಟೋ ಅದಕ್ಕಿಂತ ತುಸು ಹೆಚ್ಚೋ. ಅಂದರೆ ಇಂಥ ಊರಿನ ಕಸವನ್ನಷ್ಟೇ ನಂಬಿದ ಖಾಸಗಿ ಘಟಕ ಸಾಮಾನ್ಯವಾಗಿ ಆ ಮಿತಿಯ ಕೆಳಗೇ ಉಳಿಯುತ್ತಿತ್ತು. ಘನತ್ಯಾಜ್ಯದ ನಿಯಮಗಳ ಮಟ್ಟಿಗೆ ಅದರ ಜಾಗ, ಅಂತರ, ವಾಸನೆ, ಕೊಳಚೆ ನೀರು ಇವೆಲ್ಲವನ್ನೂ ತೀರ್ಮಾನಿಸುವ ಹೊಣೆ ಸ್ಥಳೀಯ ಪರವಾನಗಿಯ ಮೇಲೆಯೇ ಬೀಳುತ್ತಿತ್ತು. ಮಹಾನಗರದಲ್ಲಿ ಪೂರಕವಾದ ಕಾಗದ ಸಣ್ಣ ಊರಿನಲ್ಲಿ ಏಕೈಕ ರಕ್ಷಣೆಯಾದದ್ದು ಈ ಕಾರಣದಿಂದ. ಬೆಂಗಳೂರಿಗೆ 2020ರಲ್ಲಿ ಪ್ರತ್ಯೇಕ ಘನತ್ಯಾಜ್ಯ ಉಪವಿಧಿಗಳು ದೊರೆತವು. ಅವನ್ನು ಸಣ್ಣ ಪಟ್ಟಣಕ್ಕೆ ಇದ್ದಂತೆಯೇ ಎತ್ತಿ ಇಡುವುದರಿಂದ ಪ್ರಯೋಜನ ಕಡಿಮೆ. ಕೇಂದ್ರ ಸರ್ಕಾರವು 2026ರ ಜನವರಿಯಲ್ಲಿ ಹೊಸ ಘನತ್ಯಾಜ್ಯ ನಿಯಮಗಳನ್ನು ಪ್ರಕಟಿಸಿ, ಅದೇ ಏಪ್ರಿಲ್ 1ರಿಂದ 2016ರ ನಿಯಮಗಳ ಜಾಗಕ್ಕೆ ಅವನ್ನು ತಂದಿತು. ಕಸವನ್ನು ನಾಲ್ಕು ಬಗೆಯಾಗಿ ವಿಂಗಡಿಸಬೇಕೆಂಬುದು ಅವುಗಳ ಮುಖ್ಯಾಂಶ. ಬಗೆಗಳು ಹೆಚ್ಚಿದಂತೆ ಸಣ್ಣ ಘಟಕಗಳೂ ಹೆಚ್ಚುವುದು ಸಹಜ.

ಪರವಾನಗಿಯ ಅವಧಿಯೂ ಹಳೆಯ ದೃಷ್ಟಿಯದೇ ಅವಶೇಷ. ಉದ್ದಿಮೆ ಪರವಾನಗಿ ರೂಢಿಯಲ್ಲಿ ಮಾರ್ಚ್ 31ಕ್ಕೆ ಮುಗಿಯುವಂಥದು. ಉಪದ್ರವ ಕೊಟ್ಟರೆ ಮರುವರ್ಷ ನವೀಕರಿಸದಿದ್ದರಾಯಿತು ಎಂಬ ಭಾವ ಅದರ ಹಿಂದಿದೆ. ಬ್ಯಾಂಕಿನ ಸಾಲ ತಂದು ಯಂತ್ರ ಕೂಡಿಸುವವನಿಗೆ ಒಂದು ವರ್ಷದ ಭರವಸೆ ಸಾಲದು. ಊರಿನವರಿಗೋ, ವರ್ಷಕ್ಕೊಮ್ಮೆ ಯಾಂತ್ರಿಕವಾಗಿ ಶುಲ್ಕ ಕಟ್ಟಿಸಿಕೊಂಡು ಮುದ್ರೆ ಒತ್ತುವ ನವೀಕರಣದಿಂದ ಯಾವ ರಕ್ಷಣೆಯೂ ಇಲ್ಲ. ಉಡುಪಿ ಜಿಲ್ಲೆಯ ನಿಟ್ಟೆಯಲ್ಲಿ ಹಲವು ಗ್ರಾಮ ಪಂಚಾಯಿತಿಗಳ ಒಣಕಸಕ್ಕಾಗಿ 2021ರಲ್ಲಿ ಆರಂಭವಾದ, ದಿನಕ್ಕೆ 10 ಟನ್ ಸಾಮರ್ಥ್ಯದ ಘಟಕದಲ್ಲಿ ಪಂಚಾಯಿತಿಗಳು ಮತ್ತು ಖಾಸಗಿ ನಿರ್ವಾಹಕರ ನಡುವೆ ಕರಾರಿನ ಸಂಬಂಧವಿದೆ. ಪರವಾನಗಿ ಮಾಡಲಾಗದ ಕೆಲಸವನ್ನು ಅಲ್ಲಿ ಕರಾರು ಮಾಡುತ್ತಿದೆ ಎನ್ನಬಹುದು.

ನಾಲ್ಕು ಊರುಗಳ ಭೂಸ್ಥಿತಿ ಒಂದೇ ಬಗೆಯದಲ್ಲ. ಆದುದರಿಂದ ಒಂದೇ ಮಾದರಿಯ ಉಪವಿಧಿ ಎಲ್ಲಕ್ಕೂ ಸಾಲುವುದಿಲ್ಲ. ಹೊನ್ನಾಳಿ ತುಂಗಭದ್ರೆಯ ದಡದಲ್ಲಿದೆ. 2016ರ ನಿಯಮಗಳು ಭೂಭರ್ತಿಗೆ ನದಿಯಿಂದ 100 ಮೀಟರ್, ಕೆರೆಯಿಂದಲೂ ವಸತಿಯಿಂದಲೂ ಕುಡಿಯುವ ನೀರಿನ ಬಾವಿಯಿಂದಲೂ 200 ಮೀಟರ್ ಅಂತರ ಕೇಳಿದ್ದವು. ಪ್ರವಾಹ ಬಂದಾಗ ನದಿಯ ಅಂಚು ಎಲ್ಲಿರುತ್ತದೆ ಎಂಬುದನ್ನು ಅಳತೆಪಟ್ಟಿ ಹೇಳದು, ಊರಿನವರು ಹೇಳಬಲ್ಲರು. ಜಗಳೂರಿನಲ್ಲಿ ನದಿಯಿಲ್ಲ. ಬರಗಾಲಕ್ಕೆ ಹೆಸರಾದ ಆ ತಾಲ್ಲೂಕು ಬಹುಕಾಲ ಕೊಳವೆಬಾವಿಯನ್ನೇ ನಂಬಿತ್ತು. ಕಸದ ರಾಶಿಯಿಂದ ಇಳಿಯುವ ರಸವು ಅಲ್ಲಿ ಅಂತರ್ಜಲದ ಪ್ರಶ್ನೆಯಾಗುತ್ತದೆ. ಕೊಂಡುಕುರಿಗಾಗಿ 2011ರಲ್ಲಿ ಘೋಷಿತವಾದ ರಂಗಯ್ಯನದುರ್ಗ ವನ್ಯಜೀವಿ ಧಾಮವೂ ಅದೇ ತಾಲ್ಲೂಕಿನಲ್ಲಿರುವುದರಿಂದ ಬರಡು ಜಾಗವೆಂದು ಕಂಡದ್ದೆಲ್ಲ ಘಟಕಕ್ಕೆ ಒದಗುವ ಜಾಗವಲ್ಲ. ನ್ಯಾಮತಿ ಗ್ರಾಮ ಪಂಚಾಯಿತಿಯ ಆಡಳಿತದಿಂದ ಪಟ್ಟಣ ಪಂಚಾಯಿತಿಯಾಗಿ ಮಾರ್ಪಟ್ಟ ಊರು. 1993ರ ಪಂಚಾಯಿತಿ ಕಾಯಿದೆಯಡಿ ಪರವಾನಗಿ ಪಡೆದಿದ್ದ ಅಂಗಡಿಯು ಜಾಗ ಬಿಟ್ಟು ಕದಲದೆಯೇ 1964ರ ಪುರಸಭಾ ಕಾಯಿದೆಯ ವ್ಯಾಪ್ತಿಗೆ ಬಂದುಬಿಡುತ್ತದೆ. ಅನುಸೂಚಿ ಬೇರೆ, ಶುಲ್ಕ ಬೇರೆ, ಮೇಲ್ಮನವಿ ಹೋಗುವ ಅಧಿಕಾರಿ ಬೇರೆ.

ಎಲ್ಲಕ್ಕಿಂತ ಕಠಿಣವಾದದ್ದು ಚನ್ನಗಿರಿಯ ಪ್ರಕರಣ. ಭದ್ರಾ ನಾಲೆಯ ನೀರು ಮತ್ತು ಕೊಳವೆಬಾವಿಗಳ ಬಲದಿಂದ ತಾಲ್ಲೂಕಿನಲ್ಲಿ ಅಡಿಕೆ ತೋಟಗಳು ಹಬ್ಬಿದವು. ಹಸಿ ಅಡಿಕೆಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಸಿಪ್ಪೆಯೇ. ಮನೆಮಂದಿ ಕೂತು ಸುಲಿಯುತ್ತಿದ್ದ ಕಾಲದಲ್ಲಿ ಸಿಪ್ಪೆ ತೋಟಕ್ಕೇ ಮರಳುತ್ತಿತ್ತು. ಸುಲಿಯುವ ಯಂತ್ರಗಳು ಬಂದು, ಖೇಣಿದಾರರು ಹಲವು ತೋಟಗಳ ಫಸಲನ್ನು ಒಂದೆಡೆ ಸುಲಿದು ಬೇಯಿಸತೊಡಗಿದ ಮೇಲೆ ಸಿಪ್ಪೆ ಒಂದೇ ಜಾಗದಲ್ಲಿ ಗುಡ್ಡೆಯಾಗಿ, ರಾತ್ರೋರಾತ್ರಿ ರಸ್ತೆಯ ಬದಿಗೂ ಕೆರೆಯಂಗಳಕ್ಕೂ ಬೀಳತೊಡಗಿತು. ಬೆಂಕಿ ಹಚ್ಚಿದರೆ ದಿನಗಟ್ಟಲೆ ಹೊಗೆಯಾಡುತ್ತದೆ, ಹೊಗೆಯಲ್ಲಿ ಎದುರಿನ ವಾಹನ ಕಾಣದು. ಇದನ್ನು ಎರೆಗೊಬ್ಬರವಾಗಿ ಪರಿವರ್ತಿಸುವ ವಿಧಾನವನ್ನು ವಿಟ್ಲದ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಕೇಂದ್ರ ತೋರಿಸಿಕೊಟ್ಟಿದೆ. ತಂತ್ರಜ್ಞಾನಕ್ಕೆ ಕೊರತೆಯಿಲ್ಲ. ಸಿಪ್ಪೆ ಮನೆಯ ಕಸವಲ್ಲವಾದುದರಿಂದ ಪಟ್ಟಣದ ಗಾಡಿ ಅದನ್ನು ಒಯ್ಯುವುದಿಲ್ಲ. ಖೇಣಿಯ ಕೆಲಸ ಹಂಗಾಮಿನ ಕೃಷಿಕಾರ್ಯವೆಂಬ ಹೆಸರಿನಲ್ಲಿ ಕಾರ್ಖಾನೆಯ ಲೆಕ್ಕಕ್ಕೂ ಸುಲಭವಾಗಿ ಸಿಗದು. ಕೇಂದ್ರದ ನಿಯಮ ದೂರದ್ದು, ಉಳಿದದ್ದು ಗ್ರಾಮ ಪಂಚಾಯಿತಿಯ ಪರವಾನಗಿಯೊಂದೇ. ಸುಲಿಯುವ ಶೆಡ್ಡಿಗೆ ಅನುಮತಿ ಕೊಡುವಾಗ ಸಿಪ್ಪೆ ಎಲ್ಲಿಗೆ ಹೋಗುವುದೆಂದು ಬರೆಸಿಕೊಳ್ಳುವ ಒಂದು ಷರತ್ತು, ಆ ಸಿಪ್ಪೆಯನ್ನು ಕೊಂಡು ಗೊಬ್ಬರ ಮಾಡುವವನಿಗೆ 'ಅಸಹ್ಯ' ಪಟ್ಟಿಯ ಹೊರಗೆ ಬೇರೊಂದು ಪರವಾನಗಿ, ಇವೆರಡನ್ನೂ ರಚಿಸಲು ಹೊಸ ಕಾಯಿದೆ ಬೇಕಾಗಿಲ್ಲ. ಸೂಳೆಕೆರೆಯಂಥ ವಿಶಾಲವಾದ, ದೂರದ ಊರುಗಳಿಗೂ ಕುಡಿಯುವ ನೀರು ಕೊಡುವ ಕೆರೆ ಇದೇ ತಾಲ್ಲೂಕಿನಲ್ಲಿದೆ. ಪ್ರತಿವರ್ಷ ಆಗಸ್ಟಿನಲ್ಲಿ ಅಡಿಕೆ ಕೊಯ್ಲು ಆರಂಭವಾಗುತ್ತದೆ.